ಬಿಳಿ ಗೂಟದಾಚೆಯ ಚೆಂಡು

ಹೋದ ತಿಂಗಳು ಶಿವಮೊಗ್ಗದ ಒಂದು ಸಮುದಾಯ ಭವನದಲ್ಲಿ ನನ್ನ ಹಳೆಯ ಯಜಮಾನನ ಶ್ರದ್ಧಾಂಜಲಿ ಸಭೆ ನಡೆಯಿತು. ವೇದಿಕೆಯ ಮೇಲೆ ಹಾರ ಹಾಕಿ ಇಟ್ಟಿದ್ದ ಫೋಟೋದಲ್ಲಿ ಅವನು ಬಿಳಿ ಟೋಪಿ ಧರಿಸಿ, ಗಾಲ್ಫ್ ಕೋಲನ್ನು ಹೆಗಲಿಗೇರಿಸಿ ನಗುತ್ತಿದ್ದ. ಬೆನ್ನ ಹಿಂದೆ ಮಂಜು ಕವಿದ ಬೆಟ್ಟ, ಅದರ ಮೈತುಂಬ ಟೀ ತೋಟ. ಆ ಫೋಟೋ ತೆಗೆದವನು ನಾನೇ. ‘ಹಳೇ ನೌಕರರ ಪರವಾಗಿ ಎರಡು ಮಾತಾಡಿ’ ಎಂದು ಮೈಕು ಕೈಗೆ ಕೊಟ್ಟರು. ಎದ್ದು ನಿಂತೆ. “ಸಾಹೇಬರು ಸಮಯಪಾಲನೆಗೆ ಹೆಸರಾಗಿದ್ದರು” ಎಂದೆ. ಅಷ್ಟಕ್ಕೇ ಮೈಕು ವಾಪಸು ಕೊಟ್ಟೆ. ಕೂತುಬಿಟ್ಟೆ. ದುಃಖಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡ ಪಕ್ಕದವರೊಬ್ಬರು ನನ್ನ ಬೆನ್ನು ಸವರಿದರು.

ಇಪ್ಪತ್ತೊಂದು ವರ್ಷ ಅವನನ್ನು ‘ಅವರು’ ಎಂದೆ. ಈಗ ಬರೆಯುವಾಗ ‘ಅವನು’ ಎಂದೇ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅವನ ಹೆಂಡತಿ ಮಕ್ಕಳಿಗೆ ನೋವಾಗುತ್ತದೆ, ಅವರು ನನಗೇನೂ ಕೆಡುಕು ಮಾಡಿಲ್ಲ.

ಶಿವಮೊಗ್ಗದ ಹೊರವಲಯದಲ್ಲಿ ಅವನದೊಂದು ಫೌಂಡ್ರಿ ಇತ್ತು. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ಪಂಪುಗಳ ಭಾಗ ತಯಾರಿಸುವ ಜಾಗ. ಅಲ್ಲಿ ನನ್ನದು ಮಾಲು ಪರೀಕ್ಷಿಸುವ ಕೆಲಸ. ಸರಿ ಇದ್ದದ್ದಕ್ಕೆ ಹಸಿರು ಗುರುತು, ಕೆಟ್ಟದ್ದಕ್ಕೆ ಕೆಂಪು. ಭದ್ರಾವತಿಯ ಜನ್ನಾಪುರದಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದೆ. ಎಂಟಕ್ಕೆ ಐದು ನಿಮಿಷ ಇರುವಾಗಲೇ ಅವನು ಗೇಟಿನಲ್ಲಿ ನಿಂತಿರುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿಗಿದ್ದವರ ಚಪ್ಪಲಿ ನೋಡಿಕೊಂಡು ಮಾತಾಡುತ್ತಿದ್ದ. ಯಾರನ್ನಾದರೂ ಕರೆಯಬೇಕಾದರೆ ಕಾರಿನ ಕೀಲಿಯನ್ನು ಅವರತ್ತ ಚಾಚಿ ಅಲ್ಲಾಡಿಸುತ್ತಿದ್ದ, ಕೋಳಿಗೆ ಕಾಳು ತೋರಿಸುವ ಹಾಗೆ.

ಎರಕದಲ್ಲಿ ಒಮ್ಮೊಮ್ಮೆ ಗಾಳಿ ಸೇರಿಕೊಂಡು ಒಳಗೆ ತೂತು ಉಳಿದುಬಿಡುತ್ತದೆ. ಅಂಥ ಮಾಲನ್ನು ಮತ್ತೆ ಕುಲುಮೆಗೇ ಹಾಕಬೇಕು. ಅವನು ಹಾಕಲು ಬಿಡುತ್ತಿರಲಿಲ್ಲ. ತೂತಿಗೆ ಪುಟ್ಟಿ ತುಂಬಿಸಿ, ಉಜ್ಜಿಸಿ, ಮೇಲೆ ಬಣ್ಣ ಹೊಡೆಸಿ ಲಾರಿಗೆ ಏರಿಸುತ್ತಿದ್ದ. ನಾನು ಕೆಂಪು ಗುರುತು ಹಾಕಿದ್ದನ್ನು ತಾನೇ ಒರೆಸಿ, “ನೋಡ್ದೋರ್ಯಾರು ಮಾರಾಯ?” ಎನ್ನುತ್ತಿದ್ದ. ಅವನ ಬಾಯಲ್ಲಿ ಸದಾ ಇದ್ದ ಮಾತು ಅದು. ದೇವರ ಹೆಸರನ್ನೂ ಅಷ್ಟು ಸಲ ಹೇಳಿದ್ದಿಲ್ಲ.

ಒಮ್ಮೆ ನೋಡಿದವರಿದ್ದರು. ಕೊಯಮತ್ತೂರಿನ ಗಿರಾಕಿಯೊಬ್ಬರ ಕಡೆಯ ಇನ್‌ಸ್ಪೆಕ್ಟರ್ ಬಂದಿದ್ದಾಗ, ಅಚ್ಚು ಮಾಡುವ ನಮ್ಮ ರಂಗಪ್ಪನನ್ನು ಸುಮ್ಮನೆ ಮಾತಿಗೆಳೆದ. “ಇದರಲ್ಲಿ ಪುಟ್ಟಿ ಇದೆಯೇನಪ್ಪ?” ಎಂದ. ರಂಗಪ್ಪ, “ಇದೆ ಸಾರ್, ಉಗುರಲ್ಲಿ ಕೆರೀರಿ, ಬರುತ್ತೆ” ಎಂದುಬಿಟ್ಟ. ಆ ಸಂಜೆಯೇ ಅವನಿಗೆ ಗೇಟು ಮುಚ್ಚಿತು. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಯಜಮಾನ ಸುತ್ತಲಿನ ಎಲ್ಲ ಫೌಂಡ್ರಿಗಳಿಗೂ ಫೋನು ಮಾಡಿ, ರಂಗಪ್ಪ ಹಿತ್ತಾಳೆ ಕದಿಯುತ್ತಾನೆ ಎಂದು ಹೇಳಿದ. ನಮ್ಮಲ್ಲಿ ಹಿತ್ತಾಳೆಯೇ ಇರಲಿಲ್ಲ. ಆದರೂ ಯಾರೂ ರಂಗಪ್ಪನಿಗೆ ಕೆಲಸ ಕೊಡಲಿಲ್ಲ. ಮೂವತ್ತು ವರ್ಷ ಅಚ್ಚು ಮಾಡಿದ ಕೈ ಭದ್ರಾವತಿ ಬಸ್‌ ಸ್ಟ್ಯಾಂಡಿನ ಹೊರಗೆ ಸೌತೆಕಾಯಿ ಸೀಳಿ ಉಪ್ಪು ಖಾರ ಸವರತೊಡಗಿತು. ನನ್ನ ಹೆಂಡತಿ ಅವನನ್ನು ನೋಡಿದಾಗಲೆಲ್ಲ ಮನೆಗೆ ಬಂದು, “ನೀವು ಮಾತ್ರ ಬಾಯಿ ಬಿಡಬೇಡಿ ಕಣ್ರೀ” ಎನ್ನುತ್ತಿದ್ದಳು.

ಯಜಮಾನ ನನಗೊಂದು ಉಪಕಾರ ಮಾಡಿದ್ದ. ಅದನ್ನೂ ಹೇಳಬೇಕು. ನನ್ನ ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಶಿವಮೊಗ್ಗದ ಆಸ್ಪತ್ರೆಯಲ್ಲಿ ಜಾಗ ಸಿಗದೆ ನಾವು ವರಾಂಡದಲ್ಲಿ ಕೂತಿದ್ದೆವು. ಅವನು ಬಂದು, ಯಾರಿಗೋ ಫೋನು ಮಾಡಿ, ಅರ್ಧ ಗಂಟೆಯಲ್ಲಿ ಹಾಸಿಗೆ ಕೊಡಿಸಿದ. ಅಪ್ಪ ಇನ್ನೂ ನಾಲ್ಕು ವರ್ಷ ಬದುಕಿದರು. ಆ ನಾಲ್ಕು ವರ್ಷವೂ, ಆಮೇಲೂ, ಫೌಂಡ್ರಿಗೆ ಯಾರೇ ಬಂದರೂ ನನ್ನತ್ತ ಕೀಲಿ ಅಲ್ಲಾಡಿಸಿ, “ಇವರಪ್ಪನ್ನ ಉಳಿಸಿದ್ದು ನಾನು” ಎನ್ನುತ್ತಿದ್ದ. ನಾನು ತಲೆ ಅಲ್ಲಾಡಿಸಬೇಕಿತ್ತು. ಅಲ್ಲಾಡಿಸುತ್ತಿದ್ದೆ.

ಇಂಥವನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಗಾಲ್ಫ್ ಹತ್ತಿಕೊಂಡಿತು. ಕಾರಣ ಯೂರೋಪಿನ ಒಂದು ಪಂಪ್ ಕಂಪನಿಯ ಖರೀದಿ ಮುಖ್ಯಸ್ಥ. ಉದ್ದನೆಯ, ನಿಧಾನ ಮಾತಿನ, ಬಿಳಿ ಹುಬ್ಬಿನ ಮನುಷ್ಯ. ಫೌಂಡ್ರಿ ನೋಡಲು ಬಂದವನು ಊಟಕ್ಕೆ ಕೂತಾಗ, ತಾನು ಪ್ರತಿ ವರ್ಷ ಶ್ರೀಲಂಕಾದ ಬೆಟ್ಟದ ಮೇಲಿನ ಒಂದು ಹಳೆಯ ಮೈದಾನಕ್ಕೆ ಗಾಲ್ಫ್ ಆಡಲು ಹೋಗುತ್ತೇನೆ, ಒಬ್ಬ ಮನುಷ್ಯನನ್ನು ತಿಳಿಯಬೇಕಾದರೆ ಅವನ ಜೊತೆ ಒಂದು ಆಟ ಆಡಬೇಕು ಎಂದ. ನಮ್ಮವನು ತಕ್ಷಣ, “ನಾನೂ ಆಡ್ತೀನಿ, ಬರ್ತೀನಿ” ಎಂದುಬಿಟ್ಟ. ಅಲ್ಲಿಯವರೆಗೆ ಅವನು ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದವನೂ ಅಲ್ಲ.

ತ್ಯಾವರೆಕೊಪ್ಪದ ಕಡೆ ಅವನದೊಂದು ಖಾಲಿ ಲೇಔಟು ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಅಭ್ಯಾಸ. ಕಲಿಸಲು ಬೆಂಗಳೂರಿನಿಂದ ಒಬ್ಬ ಮಾಸ್ತರು ಬರುತ್ತಿದ್ದರು. ಚೆಂಡು ಹೆಕ್ಕಲು ನಾವು, ಫೌಂಡ್ರಿಯವರು. ಲಂಟಾನದ ಪೊದೆಗಳಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದೆವು. ಹತ್ತಿರದಲ್ಲೇ ಇದ್ದ ಹುಲಿ-ಸಿಂಹ ಸಫಾರಿಯ ಸಿಂಹಗಳು ಬೆಳಗಿನ ಹೊತ್ತು ಗರ್ಜಿಸಿದರೆ ಅಲ್ಲಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಹಾಗೆ ಕೇಳಿದಾಗ ಅವನ ಏಟು ತಪ್ಪಿದರೆ ತಪ್ಪು ಸಿಂಹದ್ದು. “ಥೂ, ಆ ದರಿದ್ರದ್ದು ಬಾಯಿ ಮುಚ್ಚಲ್ವಾ!” ಎಂದು ಕೋಲು ಎಸೆಯುತ್ತಿದ್ದ. ಸಿಂಹ ಸುಮ್ಮನಿದ್ದ ದಿನ ತಪ್ಪು ಹುಲ್ಲಿನದು, ಇಲ್ಲವೇ ಅಡ್ಡ ಬಿದ್ದ ನನ್ನ ನೆರಳಿನದು. ಒಂದೂವರೆ ವರ್ಷದಲ್ಲಿ ಒಮ್ಮೆಯೂ ತಪ್ಪು ಅವನದಾಗಿದ್ದನ್ನು ನಾನು ಕಾಣಲಿಲ್ಲ. ಆದರೆ ಹಟಮಾರಿ. ಕಲಿತ. ಸುಮಾರಾಗಿ ಆಡುವಷ್ಟು ಕಲಿತ.

ಶ್ರೀಲಂಕಾಕ್ಕೆ ಹೊರಟಾಗ ನನ್ನನ್ನೂ ಕರೆದ. “ನಿಂಗೆ ತಮಿಳು ಬರುತ್ತಲ್ಲ ಮಾರಾಯ, ಅಲ್ಲಿ ಬೇಕಾಗುತ್ತೆ. ಸ್ಯಾಂಪಲ್ ಪೆಟ್ಟಿಗೆ ಹಿಡ್ಕೊಳ್ಳೋಕೂ ಒಬ್ರು ಬೇಕು.” ನನಗೆ ತಮಿಳು ಬರುವುದು ನಮ್ಮ ಕಾರ್ಖಾನೆ ಕಾಲೊನಿಯಿಂದ. ಅಪ್ಪನ ಕ್ವಾರ್ಟರ್ಸಿನ ಎಡಕ್ಕೂ ಬಲಕ್ಕೂ ತಮಿಳರ ಮನೆ. ಅವರ ಅಂಗಳದಲ್ಲಿ ಆಡಿಯೇ ಬೆಳೆದೆ.

ಕೊಲಂಬೊದಿಂದ ಕಾರಿನಲ್ಲಿ ಇಡೀ ದಿನ ಬೆಟ್ಟ ಹತ್ತಿದೆವು. ಮರುದಿನ ಬೆಳಿಗ್ಗೆ ಆ ಮೈದಾನ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಕೆಂಪು ಹೆಂಚಿನ ಹಳೆಯ ಬಂಗಲೆ. ಅದರ ಮುಂದಿನಿಂದ ಬೆಟ್ಟದ ಏರಿಳಿತಗಳಿಗೆಲ್ಲ ಹಾಸಿದ ಹುಲ್ಲು, ಇಬ್ಬನಿಗೆ ಬೆಳ್ಳಗೆ ಕಾಣುತ್ತಿತ್ತು. ನಡುವೆ ಒಂದು ತೊರೆ, ಅಂಚಿನಲ್ಲಿ ನೀಲಗಿರಿ ಮರಗಳು, ಅದರಾಚೆ ಟೀ ತೋಟ ಮಂಜಿನೊಳಕ್ಕೆ ಹತ್ತಿಹೋಗಿತ್ತು. ಕುಲುಮೆಯ ಮುಂದೆ ಬದುಕಿದವನಿಗೆ ಅಂಥ ತಂಪು ಎದೆಗೇ ತಾಗಿತು. “ಏನು ಬಾಯ್ಬಿಟ್ಕೊಂಡು ನಿಂತಿದೀಯ, ಫೋಟೋ ತೆಗಿ” ಎಂದ. ತೆಗೆದೆ.

ಅಲ್ಲಿ ಪ್ರತಿ ಆಟಗಾರನ ಜೊತೆ ಒಬ್ಬ ಕ್ಯಾಡಿ ನಡೆಯುತ್ತಾನೆ. ಕೋಲುಗಳ ಚೀಲ ಹೊರುವುದು, ಚೆಂಡು ಎಲ್ಲಿ ಬಿತ್ತೆಂದು ನೋಡಿಟ್ಟುಕೊಳ್ಳುವುದು, ಗಾಳಿಯ ದಿಕ್ಕು ಹೇಳುವುದು ಅವನ ಕೆಲಸ. ನಮಗೆ ಸಿಕ್ಕವರು ಸೆಲ್ವಂ. ಅರವತ್ತರ ಆಸುಪಾಸು, ಒಣಕಲು ಮೈ, ಅಂಗಿಯ ಮೇಲೆ ನಂಬರಿನ ಹಿತ್ತಾಳೆ ಬಿಲ್ಲೆ. ಟೀ ತೋಟದ ತಮಿಳರು. ನಾನು ತಮಿಳಿನಲ್ಲಿ “ಅಣ್ಣಾ, ಚೀಲ ಭಾರ ಇದೆ, ನಾನೂ ಹಿಡೀಲಾ?” ಎಂದೆ. ಅವರು ತಿರುಗಿ ನೋಡಿ ಅಗಲವಾಗಿ ನಕ್ಕರು.

“ಐಯಾ ಯಾವ ಊರು?”

“ಭದ್ರಾವತಿ ಅಂತ. ಕರ್ನಾಟಕ.”

“ಅಲ್ಲೂ ನಮ್ಮ ಭಾಷೆ ಇದೆಯಾ?”

“ನಮ್ಮ ಬೀದೀಲೇ ಇದೆ.”

ಆ ದಿನ ಬರೀ ಅಭ್ಯಾಸ. ಯೂರೋಪಿನವನ ಜೊತೆ ಆಟ ಮರುದಿನ. ಚೆಂಡು ಬೀಳಿಸಬೇಕಾದ ಹದಿನೆಂಟು ಗುಳಿಗಳ ದಾರಿಯುದ್ದಕ್ಕೂ ಸೆಲ್ವಂ ನನ್ನ ಜೊತೆ ಮಾತಾಡುತ್ತ ನಡೆದರು. ಮೂವತ್ತೈದು ವರ್ಷದಿಂದ ಅಲ್ಲಿದ್ದರಂತೆ. ಅವರಪ್ಪನೂ ಅಲ್ಲೇ ಚೀಲ ಹೊತ್ತವರಂತೆ. ನಮ್ಮವನು ಅವರು ಹೇಳಿದ ಗಾಳಿಯ ದಿಕ್ಕನ್ನು ಒಮ್ಮೆಯೂ ಕೇಳಲಿಲ್ಲ, ತಪ್ಪಿದಾಗಲೆಲ್ಲ ಅವರ ಚಪ್ಪಲಿ ನೋಡಿಕೊಂಡು ಬೈದ. ಅವರು “ಎಸ್ ಸರ್” ಎಂದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ಎಸ್ ಸರ್, ನೋ ಸರ್, ಸಾರಿ ಸರ್, ಎಡ, ಬಲ, ಗಾಳಿ, ಔಟ್. ಹೊರಡುವಾಗ, ನಾಳೆ ಮಳೆ ಬಂದು ಹೊತ್ತು ಬದಲಾದರೆ ತಿಳಿಸಿ ಎಂದು ನನ್ನ ಫೋನಿಗೆ ಮಗಳ ನಂಬರು ಕೊಟ್ಟರು.

ಮಳೆ ಬರಲಿಲ್ಲ. ಆಟ ಶುರುವಾಯಿತು. ನಮ್ಮವನ ಚೆಂಡುಗಳ ಮೇಲೆಲ್ಲ ಅವನ ಹೆಸರಿನ ಎರಡಕ್ಷರವನ್ನು ನಾನೇ ನನ್ನ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದೆ. ಹದಿನೈದು ಗುಳಿಗಳವರೆಗೂ ಇಬ್ಬರೂ ಸರಿಸುಮಾರು ಸಮವಾಗಿದ್ದರು. ಹದಿನಾರನೆಯದರಲ್ಲಿ ಅವನ ಏಟು ವಾಲಿ ಚೆಂಡು ನೀಲಗಿರಿ ಮರಗಳ ಕಡೆ ಹಾರಿತು. ಅವನು, ಸೆಲ್ವಂ, ನಾನು ಮೂವರೂ ಹುಡುಕಲು ಹೋದೆವು. ಯೂರೋಪಿನವನು ಮರಗಳ ಈಚೆ ದೂರದಲ್ಲಿ ನಿಂತಿದ್ದ, ಅವನ ಕ್ಯಾಡಿ ಮುಂದೆ ಗುಳಿಯ ಹತ್ತಿರ ಹೋಗಿ ಕಾಯುತ್ತಿದ್ದ.

ಮೈದಾನದ ಎಲ್ಲೆಗೆ ಬಿಳಿ ಗೂಟ ನೆಟ್ಟಿರುತ್ತಾರೆ. ಚೆಂಡು ಗೂಟದಾಚೆ ಬಿದ್ದರೆ ಹೊರಗೆ ಹೋದ ಲೆಕ್ಕ. ಅದಕ್ಕೆ ದಂಡವಿದೆ, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಸೆಲ್ವಂ ಚೆಂಡನ್ನು ಕಂಡುಹಿಡಿದು ಮುಟ್ಟದೆ ಬೆರಳು ತೋರಿಸಿದರು. ಗೂಟದಿಂದ ನಾಲ್ಕು ಮಾರು ಆಚೆ, ತರಗೆಲೆಗಳ ನಡುವೆ. “ಔಟ್ ಸರ್” ಎಂದರು.

“ಅವನಿಗೆ ಸುಮ್ನಿರಕ್ಕೆ ಹೇಳು” ಎಂದು ನನಗೆ ಹೇಳಿ, ಅವನು ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಇನ್ನೊಂದು ಚೆಂಡನ್ನು ಬೆರಳ ಸಂದಿಯಿಂದ ಮೆಲ್ಲಗೆ ಜಾರಿಬಿಟ್ಟ. ಅದು ಗೂಟದ ಈಚೆ, ಒಳ್ಳೆಯ ಹುಲ್ಲಿನ ಮೇಲೆ ಬಿತ್ತು. ಆಮೇಲೆ ನನ್ನ ಚಪ್ಪಲಿ ನೋಡಿಕೊಂಡು ನಕ್ಕ. “ನೋಡ್ದೋರ್ಯಾರು?” ಎಂದ. ಅಷ್ಟು ಹೇಳಿ, ಆಚೆ ಇದ್ದವನಿಗೆ ಕೇಳುವಂತೆ “ಸಿಕ್ತು!” ಎಂದು ಇಂಗ್ಲಿಷಿನಲ್ಲಿ ಕೂಗಿ ಹೊಡೆದ. ಅವನ ಜೀವನದ ಒಳ್ಳೆಯ ಏಟುಗಳಲ್ಲಿ ಒಂದು ಅದು. ಚೆಂಡು ಗುಳಿಯ ಸಮೀಪಕ್ಕೇ ಹೋಗಿ ನಿಂತಿತು.

ಯೂರೋಪಿನವನ ಮುಂದಿನ ಏಟೂ ಅದೇ ಮರಗಳ ಕಡೆ ವಾಲಿತು. ತನ್ನ ಚೆಂಡು ಹುಡುಕಿಕೊಂಡು ಗೂಟದ ಸಾಲಿನಲ್ಲೇ ನಡೆದುಬಂದವನು ಬಗ್ಗಿ ಏನನ್ನೋ ಎತ್ತಿಕೊಂಡ. ನಾವಿದ್ದಲ್ಲಿಗೆ ಬಂದು ಅಂಗೈ ತೆರೆದ. ಕೆಂಪು ಅಕ್ಷರದ ಚೆಂಡು. “ಇದು ನಿಮ್ಮದಿರಬೇಕು” ಎಂದ.

ನಮ್ಮವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಸೆಲ್ವಂ ಕಡೆ ಕೈ ಚಾಚಿದ. “ಇವನದೇ ಕೆಲಸ. ಚೀಲದಿಂದ ಒಂದು ಚೆಂಡು ತೆಗೆದು ಒಳಗೆ ಹಾಕಿದ್ದಾನೆ. ಗೆದ್ದರೆ ಹೆಚ್ಚು ಟಿಪ್ಸ್ ಸಿಗುತ್ತೆ ಅಂತ. ನನಗೆ ಗೊತ್ತೇ ಆಗಲಿಲ್ಲ.” ಇಷ್ಟನ್ನು ಇಂಗ್ಲಿಷಿನಲ್ಲಿ ಬೇಸರದ ಮುಖ ಮಾಡಿಕೊಂಡು ಹೇಳಿದ.

ಯೂರೋಪಿನವನು ಅಂಗೈಯ ಚೆಂಡನ್ನು ಜೇಬಿಗೆ ಹಾಕಿಕೊಂಡ. ನಂತರ ನನ್ನತ್ತ ತಿರುಗಿದ. “ನಿನಗೆ ಇವರ ಭಾಷೆ ಬರುತ್ತದೆ. ಆ ಚೆಂಡು ಯಾರು ಹಾಕಿದ್ದು ಎಂದು ಕೇಳು. ಅವರು ಹೇಳಿದ್ದನ್ನು ನನಗೆ ಹೇಳು.”

ನಾನು ಕೇಳಿದೆ. ಸೆಲ್ವಂ ಬೆಚ್ಚಿದರು. “ಏನು ಐಯಾ, ನೀವೇ ಪಕ್ಕದಲ್ಲಿ ನಿಂತು ನೋಡಿದಿರಲ್ಲ! ಅವರ ಜೇಬಿನಿಂದ ಬಿತ್ತು. ಮೂವತ್ತೈದು ವರ್ಷದಲ್ಲಿ ನಾನು ಯಾರ ಚೆಂಡನ್ನೂ ಬೆರಳಲ್ಲಿ ಮುಟ್ಟಿಲ್ಲ. ಹೇಳಿ ಐಯಾ, ನೀವು ನೋಡಿದ್ದನ್ನ ಹೇಳಿ.”

ನಮ್ಮವನು ನನ್ನನ್ನು ನೋಡುತ್ತಿದ್ದ. ಚಪ್ಪಲಿಯನ್ನಲ್ಲ, ಮುಖವನ್ನು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ನನಗೆ ಸೌತೆಕಾಯಿ ಸೀಳುವ ರಂಗಪ್ಪ ಕಂಡ. ಅಪ್ಪನ ಆಸ್ಪತ್ರೆಯ ಹಾಸಿಗೆ ಕಂಡಿತು.

ನಾನು ಇಂಗ್ಲಿಷಿನಲ್ಲಿ, “ಇವರು ಬಡವರು, ತುಂಬ ವರ್ಷದಿಂದ ಇಲ್ಲಿದ್ದಾರೆ. ಅತಿಥಿಗೆ ನೆರವಾಗಲೆಂದು ತಾನೇ ಹಾಕಿದೆ ಎನ್ನುತ್ತಿದ್ದಾರೆ. ದಯವಿಟ್ಟು ಮನ್ನಿಸಬೇಕು ಎನ್ನುತ್ತಿದ್ದಾರೆ” ಎಂದೆ. ಸಾರಿ ಎಂಬ ಪದ ಸೆಲ್ವಂಗೆ ತಿಳಿಯುತ್ತದೆ ಎಂದು ನೆನಪಿಟ್ಟುಕೊಂಡು ಅದನ್ನು ಬಳಸಲಿಲ್ಲ. ಬೇರೆ ಪದ ಹುಡುಕಿದೆ. ಮಾತಾಡುವಾಗ ಕೈ ಮುಗಿದಿದ್ದೆ.

ಬಂಗಲೆಗೆ ಮರಳಿದ ಮೇಲೆ ಯೂರೋಪಿನವನು ಅಲ್ಲಿನ ಅಧಿಕಾರಿಗೆ ವಿಷಯ ತಿಳಿಸಿದ. ಆತ ಹೊರಗೆ ಬಂದು, ಒಂದು ಮಾತೂ ಕೇಳದೆ ಸೆಲ್ವಂ ಮುಂದೆ ಕೈ ಚಾಚಿದ. ಸೆಲ್ವಂ ಬಿಲ್ಲೆಯ ಪಿನ್ನನ್ನು ತಾವೇ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಹೊರಡುವ ಮೊದಲು ನನ್ನ ಹತ್ತಿರ ಬಂದರು. ಬೈಯುತ್ತಾರೆ, ಉಗಿಯುತ್ತಾರೆ ಎಂದುಕೊಂಡೆ. ಅವರು ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ಹೋದರು. ಅದಕ್ಕಿಂತ ದೊಡ್ಡ ಬೈಗುಳ ಇಲ್ಲ ಎಂದು ನನಗನ್ನಿಸಿತು.

ಬೆಟ್ಟ ಇಳಿಯುವಾಗ ಕಾರಿನಲ್ಲಿ ನಮ್ಮವನು ನಿದ್ದೆ ಮಾಡಿದ. ಗೊರಕೆ ಹೊಡೆದ. ಎಚ್ಚರವಾದಾಗ ನನ್ನ ತೊಡೆಯ ಮೇಲೆ ತಟ್ಟಿ, “ನೀನು ನಮ್ಮೋನು ಕಣಯ್ಯ” ಎಂದ. “ಆ ಮುದುಕನಿಗೇನೂ ಆಗಲ್ಲ ಬಿಡು. ಅವರಿಗೆಲ್ಲ ಅಭ್ಯಾಸ ಇರುತ್ತೆ.” ಮತ್ತೆ ಮಲಗಿದ.

ಯೂರೋಪಿನ ಆರ್ಡರು ಬಂತು. ನನಗೆ ಬಡ್ತಿಯೂ ಬಂತು, ಬೇರೆ ಕೋಣೆ, ಬಾಗಿಲ ಮೇಲೆ ಹೆಸರು. ನಾನು ಇನ್ನೂ ಆರು ವರ್ಷ ಅಲ್ಲೇ ದುಡಿದೆ. ಆ ಮೈದಾನದ ಫೋಟೋವನ್ನು ಅವನು ದೊಡ್ಡದು ಮಾಡಿಸಿ ಕುರ್ಚಿಯ ಹಿಂದೆ ನೇತುಹಾಕಿದ. ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. ಮೊದಮೊದಲು ಆಟದ ಕಥೆ. ವರ್ಷ ಕಳೆದಂತೆ ಅದು ಬೇರೆಯಾಯಿತು. “ಕ್ಯಾಡಿ ನನ್ನ ಗೆಲ್ಲಿಸೋಕೆ ಮೋಸ ಮಾಡಕ್ಕೆ ಹೋದ. ನಾನು ಒಪ್ಪಲಿಲ್ಲ. ನಾನೇ ಹಿಡಿದು ಕೊಟ್ಟೆ. ಆರ್ಡರ್ ಹೋದ್ರೂ ಪರ್ವಾಗಿಲ್ಲ ಅಂದೆ. ಬೇಕಾದ್ರೆ ಕೇಳ್ರಿ ಇವನ್ನ.” ಕೀಲಿ ನನ್ನತ್ತ ಅಲ್ಲಾಡುತ್ತಿತ್ತು. “ಹೌದು ಸಾರ್” ಎನ್ನುತ್ತಿದ್ದೆ. ಎಷ್ಟು ಸಲ ಅಂದೆನೋ. ಹೇಳುತ್ತ ಹೇಳುತ್ತ ಅವನು ಅದನ್ನು ನಂಬಿಬಿಟ್ಟಿದ್ದ ಎಂದೇ ನನ್ನ ಅನುಮಾನ. ಹೇಸಿಗೆಯವರನ್ನು ಕಂಡಿದ್ದೇನೆ, ಆದರೆ ತನ್ನ ಹೇಸಿಗೆಯನ್ನೇ ಗಂಧದಂತೆ ಹಣೆಗೆ ಹಚ್ಚಿಕೊಂಡು ಓಡಾಡಿದವನು ಅವನೊಬ್ಬನೇ.

ಅವನು ಹೃದಯಾಘಾತದಿಂದ ಸತ್ತ. ಶ್ರದ್ಧಾಂಜಲಿ ಸಭೆಯಲ್ಲಿ ನಾನು ಕೂತ ಮೇಲೆ ಅವನ ಸ್ನೇಹಿತರಾದ ಒಬ್ಬ ವೈದ್ಯರು ಮಾತಾಡಿದರು. ಅವರು ಹೇಳಿದ್ದು ಆ ಗಾಲ್ಫಿನ ಕಥೆಯನ್ನೇ. ಫೋಟೋದತ್ತ ಕೈ ತೋರಿಸಿ, “ಪ್ರಾಮಾಣಿಕತೆ ಅಂದ್ರೆ ಇದು. ಸಾಕ್ಷಿ ಬೇಕಾದ್ರೆ ಇವರೇ ಇಲ್ಲಿ ಕೂತಿದ್ದಾರೆ” ಎಂದು ನನ್ನ ಹೆಸರು ಹೇಳಿದರು. ಜನ ನನ್ನತ್ತ ತಿರುಗಿದರು. ಸತ್ತ ಮೇಲೂ ಅವನು ನನ್ನ ತಲೆ ಅಲ್ಲಾಡಿಸಿದ.

ಬಸ್ಸಿನಲ್ಲಿ ಜನ್ನಾಪುರಕ್ಕೆ ವಾಪಸಾಗಿ, ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. “ಬಾಯಿ ಬಿಡಬೇಡಿ ಅಂತ ನಾನೇ ಹೇಳ್ತಿದ್ದೆ” ಎಂದಳು. ಆಮೇಲೆ, “ಆ ನಂಬರ್ ಇನ್ನೂ ಇದೆಯಾ?” ಎಂದಳು.

ಇತ್ತು. ಮಾರನೆಯ ಬೆಳಿಗ್ಗೆ ಫೋನು ಮಾಡಿದೆ. ಎತ್ತಿದವಳು ಮಗಳು. ಭದ್ರಾವತಿಯಿಂದ ಮಾತಾಡುತ್ತಿದ್ದೇನೆ ಎಂದೊಡನೆ “ಅಪ್ಪಾ!” ಎಂದು ಕೂಗಿದಳು. ಸೆಲ್ವಂ ಬಂದರು. ದನಿ ಸೊರಗಿತ್ತು, ಆದರೆ ಅದೇ ಹಳೆಯ ಸಡಗರ.

“ಐಯಾ! ಇಂಡಿಯಾ ಐಯಾ! ಮರೆತಿಲ್ವಾ ನಮ್ಮನ್ನ?”

“ಹೇಗಿದ್ದೀರಿ ಅಣ್ಣಾ?”

“ಇದ್ದೀನಿ. ಆಮೇಲೆ ಮೈದಾನಕ್ಕೆ ಸೇರಿಸಲಿಲ್ಲ. ತರಕಾರಿ ಮೂಟೆ ಹೊತ್ತೆ. ಈಗ ಮೊಣಕಾಲು ಹೋಗಿದೆ, ಮಗಳ ಮನೇಲಿದ್ದೀನಿ. ಅದಿರಲಿ ಐಯಾ, ನಿಮ್ಮ ಬಗ್ಗೆ ಮನೇಲಿ ಯಾವಾಗಲೂ ಹೇಳ್ತಿರ್ತೀನಿ. ಅವತ್ತು ಆ ಬಿಳಿ ದೊರೆ ಮುಂದೆ ಕೈ ಮುಗಿದು ನನಗೋಸ್ಕರ ಎಷ್ಟು ಬೇಡಿಕೊಂಡ್ರಿ! ಅವನು ಕೇಳಲಿಲ್ಲ, ಏನು ಮಾಡೋದು. ಆದರೆ ಒಬ್ಬನಾದ್ರೂ ನಿಜ ಹೇಳಿದ ಅಂತ ನನಗೆ ಸಮಾಧಾನ ಇದೆ.”

ಅವರ ಆ ನಮಸ್ಕಾರದ ಅರ್ಥ ನನಗೆ ಆಗ ಗೊತ್ತಾಯಿತು. ಹಾಗೇ ಬಿಟ್ಟುಬಿಡಬಹುದಿತ್ತು. ಹೆಂಡತಿ ಎದುರಿಗೆ ಕೂತಿದ್ದಳು. ಅವಳಿಗೆ ತಮಿಳು ಬಾರದು, ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ ಅಣ್ಣಾ” ಎಂದೆ. “ನಾನು ನಿಜ ಹೇಳಲಿಲ್ಲ. ನೀವೇ ಹಾಕಿದ್ದು ಅಂತ ಹೇಳಿದೆ. ನೀವು ಒಪ್ಪಿಕೊಂಡ್ರಿ ಅಂತ ಹೇಳಿದೆ.”

ಆ ಕಡೆ ಎಲ್ಲೋ ಒಂದು ಮಗು ಅಳುತ್ತಿತ್ತು, ಯಾರೋ ಪಾತ್ರೆ ಇಟ್ಟ ಸದ್ದು. ಫೋನು ಕೆಳಗಿಟ್ಟರೇನೋ ಎಂದುಕೊಂಡೆ.

“ನಿಮ್ಮ ಯಜಮಾನ ಹೇಗಿದ್ದಾರೆ?” ಎಂದು ಕೇಳಿದರು.

“ತೀರಿಕೊಂಡರು. ಹದಿನೈದು ದಿನ ಆಯ್ತು.”

“ಹಾಗೆ ಹೇಳಿ” ಎಂದರು ಸೆಲ್ವಂ. “ಅದಕ್ಕೇ ಈಗ ಫೋನು ಮಾಡಿದ್ದೀರಿ.”

ಫೋನು ಕಟ್ಟಾಯಿತು. ನಾನು ಮತ್ತೆ ಎರಡು ಸಲ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ.